ಅಕ್ಕಿ ಮೂಟೆಗಳ ನಡುವೆ ಗಿಟಾರ್: ಎರಡು ಮೈಕ್, ಒಂದು ಡಿಐ

ಒಂದು ಮೈಕ್ ಇಟ್ಟಾಗ ಗಿಟಾರ್ ಪರವಾಗಿಲ್ಲ ಅನ್ನಿಸಿತ್ತು. ಎರಡನೇ ಮೈಕ್ ಸೇರಿಸಿದೆ, ಸದ್ದು ಸ್ವಲ್ಪ ಸೊರಗಿತು. ಡಿಐ, ಅಂದರೆ ಮೈಕಿಲ್ಲದೆ ಗಿಟಾರಿನಿಂದ ತಂತಿಯಲ್ಲೇ ನೇರ ಬಂದ ಟ್ರ್ಯಾಕು, ಅದನ್ನೂ ಸೇರಿಸಿದೆ, ಪೂರ್ತಿ ಸೊರಗಿತು. ಮೂರು ಸೇರಿ ಒಂದಕ್ಕಿಂತ ತೆಳ್ಳಗಾಗುವುದು ಹೇಗೆ? ಐದು ಸೋಮವಾರ ಇದರ ಹಿಂದೆ ಬಿದ್ದಿದ್ದೆ. ಆಗ ನೋಟ್‌ಬುಕ್ಕಿನಲ್ಲಿ ಗೀಚಿಕೊಂಡಿದ್ದನ್ನು ಈಗ ಸರಿಯಾಗಿ ಬರೆಯುತ್ತಿದ್ದೇನೆ.

ಸೋಮವಾರವೇ ಯಾಕೆ ಅಂದ್ರೆ, ಜಾಗ ನಮ್ಮ ಮಾವನದು. ಮುಂಬೈಯ ಮಾಟುಂಗದಲ್ಲಿ, ಕಿಂಗ್ಸ್ ಸರ್ಕಲ್‌ನಿಂದ ನಡೆದು ಹೋಗುವಷ್ಟು ಹತ್ತಿರ ಅವರ ಉಡುಪಿ ಹೋಟ್ಲು. ಹಿಂದೆ ಒಂದು ಗೋಡೌನ್, 10 ಅಡಿಗೆ 14 ಅಡಿ. ಅದರ ತುಂಬ ಇಡ್ಲಿ ಅಕ್ಕಿ, ಉದ್ದಿನಬೇಳೆ, ಎಣ್ಣೆ ಡಬ್ಬ. ಸೋಮವಾರ ಹೋಟ್ಲಿಗೆ ರಜೆ. ಆದರೆ ಪೂರ್ತಿ ರಜೆ ಅಲ್ಲ. ಮಂಗಳವಾರದ ಇಡ್ಲಿಗೆ ರಾತ್ರಿಯೆಲ್ಲ ಹಿಟ್ಟು ಹುಳಿ ಬರಬೇಕಲ್ಲ, ಹಾಗಾಗಿ ಸಂಜೆ ನಾಲ್ಕಕ್ಕೆ ಗ್ರೈಂಡರ್ ಶುರು. ನಮಗೆ ಸಿಕ್ಕಿದ್ದು ಬೆಳಿಗ್ಗೆ ಹತ್ತರಿಂದ ನಾಲ್ಕರವರೆಗೆ.

ಡೊಂಬಿವಲಿಯ ನನ್ನ ಫ್ಲಾಟಿನಲ್ಲಿ 50 ವಾಟ್ ಟ್ಯೂಬ್ ಆಂಪ್ ಆನ್ ಮಾಡುವ ಧೈರ್ಯ ನನಗಿಲ್ಲ. ಪಕ್ಕದ ಮನೆಯವರು ಸೀನಿದರೆ ನಮಗೆ ಕೇಳುತ್ತದೆ.

"ಎಂತ ಮಾರಾಯ, ಇಷ್ಟು ದೊಡ್ಡ ಪೆಟ್ಟಿಗೆ? ಮದುವೆ ಉಂಟಾ?" ಅಂದರು ಮಾವ, ಟೆಂಪೋದಿಂದ ಕ್ಯಾಬಿನೆಟ್ ಇಳಿಸುವಾಗ. "ಮೂಟೆ ಹರಿದ್ರೆ ನೋಡು, ಆ ಗಿಟಾರ್ ಮಾರಿ ದುಡ್ಡು ತಕ್ಕೊಳ್ತೇನೆ."

"ಹರಿಯೋದಿಲ್ಲ ಮಾವ, ನೀವು ಚಿಂತೆ ಬಿಡಿ" ಅಂದೆ. ಮೊದಲ ದಿನವೇ ಒಂದು ಹರಿಯಿತು. ಅದು ಬೇರೆ ಕತೆ.

ಸಾಮಾನು

ನಮ್ಮ ಬ್ಯಾಂಡಿನಲ್ಲಿ ಮೂವರೇ. ಮೂವರೂ 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಐರನ್ ಮೇಡನ್ ಮೆಟಲ್ ಬ್ಯಾಂಡ್ ನೋಡಲು ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದವರು. ಈಗ ಮೊಣಕಾಲು ನೋವು ಅನ್ನುವ ವಯಸ್ಸು. ಹಾಡುಗಳು ಮಾತ್ರ ಹಾಗೇ ಇವೆ, ಭಾರ. ಗಿಟಾರ್ ಡ್ರಾಪ್ ಸಿ ಟ್ಯೂನಿಂಗಿನಲ್ಲಿದೆ. ಅಂದರೆ ಕೆಳಗಿನ ತಂತಿ ಮಾಮೂಲಿ ಇ ಬದಲು ಸಿ ಗೆ ಇಳಿದಿದೆ, 82 ಹರ್ಟ್ಜ್ ಇದ್ದದ್ದು ಸುಮಾರು 65 ಹರ್ಟ್ಜ್. ತಂತಿ ದಪ್ಪದ್ದು, ತಂತಿಯ ಅಲುಗಾಟವನ್ನು ಸಿಗ್ನಲ್ ಮಾಡುವ ಪಿಕಪ್ ಬ್ರಿಡ್ಜ್ ಕಡೆಯದು, ಎರಡು ಸುರುಳಿಯ ಹಂಬಕರ್.

ಹೆಡ್, ಅಂದರೆ ಸ್ಪೀಕರ್ ಇಲ್ಲದ ಆಂಪಿನ ಪೆಟ್ಟಿಗೆ, 50 ವಾಟಿನದು. ಕ್ಯಾಬಿನೆಟ್ಟಿನಲ್ಲಿ ಎರಡು 12 ಇಂಚಿನ ಸೆಲೆಸ್ಶನ್ ವಿಂಟೇಜ್ 30 ಸ್ಪೀಕರ್. ಮೊದಲ ಮೈಕ್ ಶೂರ್ ಎಸ್‌ಎಂ 57. 1965ರಿಂದ ಇರುವ ಮೈಕ್ ಅದು, ಗಿಟಾರ್ ಕ್ಯಾಬಿನೆಟ್ ಅಂದಕೂಡಲೇ ಎಲ್ಲರ ಕೈ ಅದಕ್ಕೇ ಹೋಗುತ್ತದೆ. 5–6 ಕಿಲೋಹರ್ಟ್ಜ್ ಸುತ್ತ ಅದಕ್ಕೆ ಒಂದು ಉಬ್ಬು ಇದೆ, ಪಿಕ್ ತಂತಿಗೆ ಬಡಿಯುವ ಕರ್ರ್ ಅನ್ನುವ ಅಂಚು ಅಲ್ಲಿಂದ ಬರುತ್ತದೆ. ಎರಡನೆಯದು ಗೆಳೆಯನಿಂದ ತಂದ ರಿಬ್ಬನ್ ಮೈಕ್. ಮೇಲಿನ ಸ್ವರ ಮೃದು, ಮಧ್ಯದ್ದು ದಪ್ಪ. ಜೊತೆಗೆ ಒಂದು ಪ್ಯಾಸಿವ್ ಡಿಐ ಬಾಕ್ಸ್, ಸದ್ದನ್ನು ಲ್ಯಾಪ್‌ಟಾಪಿಗೆ ಸೇರಿಸುವ ನಾಲ್ಕು ಇನ್‌ಪುಟ್ಟಿನ ಇಂಟರ್‌ಫೇಸ್, ಲ್ಯಾಪ್‌ಟಾಪಿನಲ್ಲಿ ರೀಪರ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್. ಹೆಡ್ಡನ್ನು ನಾನು ಲೋಕಲ್ ರೈಲಿನ ಲಗೇಜ್ ಡಬ್ಬದಲ್ಲಿ ಮೀನಿನ ಬುಟ್ಟಿಗಳ ಪಕ್ಕ ಇಟ್ಟುಕೊಂಡು ತಂದೆ. ಬಿಸಿಯಾದಾಗ ಇವತ್ತಿಗೂ ಬಂಗುಡೆ ವಾಸನೆ ಬರುತ್ತದೆ ಅಂತ ಗಿಟಾರಿಸ್ಟ್ ಹೇಳುತ್ತಾನೆ. ಸುಳ್ಳು.

ರಿಬ್ಬನ್ ಬಗ್ಗೆ ಎರಡು ಎಚ್ಚರ. ಒಳಗಿರುವುದು ಕಾಗದಕ್ಕಿಂತ ತೆಳುವಾದ ಲೋಹದ ಪಟ್ಟಿ. ಗಾಳಿ ರಭಸವಾಗಿ ಬಡಿದರೆ ಹಿಗ್ಗುತ್ತದೆ. ಹಾಗಾಗಿ ಗೋಡೌನಿನ ಫ್ಯಾನ್ ಬಂದ್. ಮೇ ತಿಂಗಳು, ಮುಂಬೈ, ಫ್ಯಾನ್ ಇಲ್ಲ. ಎರಡನೆಯದು ಫ್ಯಾಂಟಮ್ ಪವರ್, ಅಂದರೆ ಇಂಟರ್‌ಫೇಸ್ ಮೈಕ್ ಕೇಬಲ್ಲಿನಲ್ಲೇ ಕಳಿಸುವ 48 ವೋಲ್ಟ್. ಕೇಬಲ್ಲು ಸರಿ ಇದ್ದರೆ ತೊಂದರೆ ಇಲ್ಲ, ಬೆಸುಗೆ ಕೆಟ್ಟ ಕೇಬಲ್ಲಾದರೆ ಪಟ್ಟಿ ಹೋಯಿತು ಅಂತಲೇ ಲೆಕ್ಕ. ನನ್ನ ಕೇಬಲ್ಲುಗಳು ಲ್ಯಾಮಿಂಗ್ಟನ್ ರೋಡಿನಲ್ಲಿ ಕನೆಕ್ಟರ್ ಕೊಂಡು ನಾನೇ ಬೆಸುಗೆ ಹಾಕಿದವು. ನನ್ನ ಬೆಸುಗೆಯ ಮೇಲೆ ನನಗೆ ನಂಬಿಕೆ ಕಡಿಮೆ. 48 ವೋಲ್ಟಿನ ಗುಂಡಿಯ ಮೇಲೆ ಟೇಪ್ ಹಚ್ಚಿಬಿಟ್ಟೆ.

ಮೊದಲ ಸೋಮವಾರ: ಗುಂಯ್ ಸದ್ದು

ಹೋಟ್ಲಿನ ಹಾಲ್‌ನಲ್ಲಿ ನಾಲ್ಕನೇ ನಂಬರಿನ ಅಮೃತಶಿಲೆಯ ಮೇಜು ನಮ್ಮ ಕಂಟ್ರೋಲ್ ರೂಮ್. ಗಿಟಾರಿಸ್ಟ್ ಅಲ್ಲೇ ಕೂರುತ್ತಾನೆ, ಹೆಡ್ಡೂ ಅಲ್ಲೇ. ಒಂದು ದಪ್ಪ ಸ್ಪೀಕರ್ ಕೇಬಲ್ ಮತ್ತು ಎರಡು ಮೈಕ್ ಕೇಬಲ್ ಗೋಡೌನಿನ ಬಾಗಿಲ ಕೆಳಗೆ ಒಳಗೆ ಹೋಗುತ್ತವೆ. ಸ್ಪೀಕರಿಗೆ ಗಿಟಾರ್ ಕೇಬಲ್ ಬಳಸಬಾರದು, ಕ್ಯಾಬಿನೆಟ್ ಜೋಡಿಸದೆ ಟ್ಯೂಬ್ ಹೆಡ್ ಆನ್ ಮಾಡಲೇಬಾರದು. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟರೆ ನಮ್ಮ ಇಡೀ ಆಲ್ಬಮ್ಮಿನ ಬಜೆಟ್ ಅದಕ್ಕೇ.

ಗಿಟಾರಿನಿಂದ ಕೇಬಲ್ ಡಿಐ ಬಾಕ್ಸಿಗೆ. ಅಲ್ಲಿ ಎರಡು ದಾರಿ. ಒಂದು ಕಡೆಯಿಂದ ಸ್ವಚ್ಛ ಸಿಗ್ನಲ್ ನೇರ ಇಂಟರ್‌ಫೇಸಿಗೆ, ಇನ್ನೊಂದು ಕಡೆಯಿಂದ ಪೆಡಲ್ ಮತ್ತು ಹೆಡ್ಡಿಗೆ. ಪೆಡಲ್ ಟ್ಯೂಬ್ ಸ್ಕ್ರೀಮರ್ ಜಾತಿಯ ಹಸಿರು ಡಬ್ಬಿ. ಡ್ರೈವ್ ಸೊನ್ನೆ, ಲೆವೆಲ್ ಪೂರ್ತಿ. ಡಿಸ್ಟಾರ್ಷನ್ ಬೇಕು ಅಂತಲ್ಲ, ಆಂಪಿಗೆ ಹೋಗುವ ಮೊದಲು ಕೆಳಗಿನ ಸಡಿಲ ಬೇಸ್ ಕತ್ತರಿಸಲು. ಇದು ಹೆವಿ ಸಂಗೀತದವರ ಹಳೇ ಉಪಾಯ.

ಎಲ್ಲ ಜೋಡಿಸಿ ಆನ್ ಮಾಡಿದರೆ ಗುಂಯ್ ಅಂತ 50 ಹರ್ಟ್ಜ್ ಹಮ್. ಆಂಪಿಗೂ ಅರ್ತಿಂಗ್ ಇದೆ, ಲ್ಯಾಪ್‌ಟಾಪ್ ಚಾರ್ಜರಿಗೂ ಇದೆ. ಡಿಐ ಇವೆರಡನ್ನೂ ತಂತಿಯಲ್ಲಿ ಕಟ್ಟಿಹಾಕಿದ ಕೂಡಲೇ ಅರ್ತಿಂಗಿಗೆ ಒಂದು ಸುತ್ತು ಆಯಿತು, ಅದರಲ್ಲಿ ಹಮ್ ಓಡಾಡತೊಡಗಿತು. ಆಂಪ್ ಪ್ಲಗ್ಗಿನ ಅರ್ತ್ ಪಿನ್ ತೆಗೆದುಬಿಡು ಅಂತ ಸಲಹೆ ಕೊಡುವವರು ಊರಿಗೊಬ್ಬರು ಸಿಗುತ್ತಾರೆ. ಬೇಡ. ಆ ಪಿನ್ ಇರುವುದು ಜೀವ ಉಳಿಸಲು. ಡಿಐ ಬಾಕ್ಸಿನ ಪಕ್ಕದಲ್ಲಿ ಗ್ರೌಂಡ್ ಲಿಫ್ಟ್ ಅಂತ ಪುಟ್ಟ ಸ್ವಿಚ್ ಇರುತ್ತದೆ. ಒತ್ತಿದೆ, ಹಮ್ ನಿಂತಿತು. ಪ್ಯಾಸಿವ್ ಡಿಐ ಒಳಗೆ ಟ್ರಾನ್ಸ್‌ಫಾರ್ಮರ್ ಇರುವುದರಿಂದ ಸಿಗ್ನಲ್ ದಾಟುತ್ತದೆ, ಗ್ರೌಂಡ್ ದಾಟುವುದಿಲ್ಲ.

ಆದರೆ ಗಿಟಾರಿಸ್ಟಿನ ಮುಖ ಸರಿ ಇರಲಿಲ್ಲ. "ಆಂಪ್ ಕಂಬಳಿ ಹೊದ್ದುಕೊಂಡಿದೆ" ಅಂದ. ಡಿಐ ತೆಗೆದು ಗಿಟಾರನ್ನು ನೇರ ಪೆಡಲಿಗೆ ಹಾಕಿದರೆ ಕಂಬಳಿ ಮಾಯ. ಮತ್ತೆ ಡಿಐ ಹಾಕಿದರೆ ಮತ್ತೆ ಕಂಬಳಿ. ತಲೆ ಕೆರೆದುಕೊಂಡ ಮೇಲೆ ಹೊಳೆಯಿತು. ಆಂಪಿನ ಇನ್‌ಪುಟ್ ಗಿಟಾರಿಗೆ ಒಡ್ಡುವ ಇಂಪೀಡೆನ್ಸ್, ಅಂದರೆ ತಡೆ, ಸಾಮಾನ್ಯವಾಗಿ 10 ಲಕ್ಷ ಓಮ್. ಪ್ಯಾಸಿವ್ ಡಿಐಯದು ಸುಮಾರು 1 ಲಕ್ಷ 40 ಸಾವಿರ. ಈ ತಡೆ ಕಡಿಮೆಯಾದಷ್ಟೂ ಪಿಕಪ್ಪಿಗೆ ಭಾರ, ಎರಡೂ ಒಟ್ಟಿಗೆ ಕೂತರೆ ಇನ್ನೂ ಜಾಸ್ತಿ, ಮೇಲಿನ ಸ್ವರಗಳು ಮೊದಲು ಹೋಗುತ್ತವೆ. ಡಿಐಗಿಂತ ಮೊದಲು ಬಫರ್ ಇರುವ ಟ್ಯೂನರ್ ಪೆಡಲ್ ಇಟ್ಟೆವು. ಗಿಟಾರ್ ಈಗ ಬಫರನ್ನು ಮಾತ್ರ ನೋಡುತ್ತದೆ, ಭಾರ ಹೊರುವುದು ಬಫರ್. ಸರಿಹೋಯಿತು. ಆ ದಿನ ಒಂದೂ ಟೇಕ್ ಆಗಲಿಲ್ಲ.

ಎರಡನೇ ಸೋಮವಾರ: ಟಾರ್ಚು, ಟೇಪು, ಹಿಸ್ಸ್

ಮೂಟೆಗಳನ್ನು ಕ್ಯಾಬಿನೆಟ್ ಸುತ್ತ ಕುದುರೆ ಲಾಳದ ಆಕಾರಕ್ಕೆ ಎತ್ತರವಾಗಿ ಪೇರಿಸಿದೆವು. ಅಕ್ಕಿ ಮೂಟೆ ಸದ್ದನ್ನು ಪೂರ್ತಿ ನುಂಗುವುದಿಲ್ಲ. ಆದರೆ ಸಿಮೆಂಟ್ ಗೋಡೆಯ ಠಣ್ ಠಣ್ ಹೋಯಿತು. ಕ್ಯಾಬಿನೆಟ್ ಕೆಳಗೆ ಎರಡು ಹಾಲಿನ ಕ್ರೇಟ್, ಮೈಕ್ ಸ್ಟ್ಯಾಂಡಿನ ಕಾಲ ಕೆಳಗೆ ಮಡಚಿದ ಗೋಣಿಚೀಲ.

ಒಂದೇ ಕ್ಯಾಬಿನೆಟ್ಟಿನ ಎರಡು ಸ್ಪೀಕರ್ ಒಂದೇ ಥರ ಕೇಳುವುದಿಲ್ಲ, ಇದು ಮೊದಲು ನಂಬಿರಲಿಲ್ಲ. 57ನ್ನು ಎರಡರ ಮುಂದೂ ಇಟ್ಟು ಕೇಳಿದೆವು. ಎಡಗಡೆಯದು ಚೂಪು, ಬಲಗಡೆಯದು ತುಂಬಿಕೊಂಡಿತ್ತು. ಬಲಗಡೆಯದನ್ನು ಆರಿಸಿದೆವು. ಜಾಲರಿ ಬಟ್ಟೆಗೆ ಟಾರ್ಚ್ ಒತ್ತಿ ಹಿಡಿದರೆ ಒಳಗಿನ ಕೋನ್ ಕಾಣುತ್ತದೆ. ನಡುವಿನ ಗುಂಡನೆಯ ಟೋಪಿ ಮುಗಿದು ಕಾಗದದ ಕೋನ್ ಶುರುವಾಗುವ ಗೆರೆಗೆ ಸರಿಯಾಗಿ ಬಟ್ಟೆಯ ಮೇಲೆ ಟೇಪಿನ ತುಂಡು ಅಂಟಿಸಿದೆ. 57ರ ಮೂತಿ ಅಲ್ಲಿಗೆ. ನಡುವಿಗೆ ಒಂದು ಸೆಂಟಿಮೀಟರ್ ಸರಿದರೆ ಸೊಳ್ಳೆ ಕಿವಿಗೆ ಹೊಕ್ಕ ಹಾಗೆ. ಹೊರಗೆ ಒಂದು ಸೆಂಟಿಮೀಟರ್ ಸರಿದರೆ ಮಂಕು. ಈಕ್ವಲೈಸರಿನಲ್ಲಿ ಅರ್ಧ ದಿನ ತಿರುಗಿಸುವ ಕೆಲಸ ಇಲ್ಲಿ ಎರಡು ಬೆರಳಿನಲ್ಲಿ ಆಗುತ್ತದೆ.

ಎರಡು 57ನ್ನು ಒಟ್ಟಿಗೆ ಇಟ್ಟು, ಒಂದು ನೇರ, ಇನ್ನೊಂದು ಓರೆ ಮಾಡಿ ಬೆರೆಸುವ ರೀತಿಯೂ ಇದೆ. ಸ್ವೀಡನ್ನಿನ ಗೋಥೆನ್‌ಬರ್ಗಿನ ಸ್ಟುಡಿಯೋ ಫ್ರೆಡ್‌ಮನ್ ಹೆಸರಿನಲ್ಲೇ ಅದನ್ನು ಕರೆಯುತ್ತಾರೆ. ಫ್ರೆಡ್ರಿಕ್ ನಾರ್ಡ್‌ಸ್ಟ್ರಾಮ್ ಅವರ ಸ್ಟುಡಿಯೋ ಅದು. ನಮ್ಮಲ್ಲಿ ಇದ್ದದ್ದು ಒಂದೇ 57. ಹಾಗಾಗಿ ಆಸೆ ಅಲ್ಲಿಗೇ ಬಿಟ್ಟೆವು.

ರಿಬ್ಬನ್ನನ್ನು ಭಯದಿಂದ ದೂರ ಇಟ್ಟಿದ್ದೆ. 57 ಬಟ್ಟೆಯಿಂದ 2.5 ಸೆಂಟಿಮೀಟರ್, ರಿಬ್ಬನ್ 15 ಸೆಂಟಿಮೀಟರ್. ಒಂದೊಂದಾಗಿ ಕೇಳಿದರೆ ಎರಡೂ ಸೊಗಸು. ಸೇರಿಸಿದರೆ ಮೂಗು ಮುಚ್ಚಿಕೊಂಡು ಮಾತಾಡಿದ ಹಾಗೆ.

ಲೆಕ್ಕ ಹಾಕಿದೆ. ಆ ಸೆಕೆಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 350 ಮೀಟರ್ ಓಡುತ್ತದೆ. ಎರಡು ಮೈಕಿನ ನಡುವೆ 12.5 ಸೆಂಟಿಮೀಟರ್ ವ್ಯತ್ಯಾಸ. ಅಂದರೆ ರಿಬ್ಬನ್ನಿಗೆ ಸದ್ದು ತಲುಪುವುದು 0.36 ಮಿಲಿಸೆಕೆಂಡ್ ತಡ. ಇಷ್ಟರಲ್ಲಿ ಏನು ಮಹಾ ಅಲ್ವಾ? ಆದರೆ 1,400 ಹರ್ಟ್ಜಿನ ಅಲೆ ಅಷ್ಟು ಹೊತ್ತಿನಲ್ಲಿ ಸರಿಯಾಗಿ ಅರ್ಧ ಸುತ್ತು ಹಾಕುತ್ತದೆ. 57ರಲ್ಲಿ ಅಲೆ ಮೇಲಿದ್ದಾಗ ರಿಬ್ಬನ್ನಿನಲ್ಲಿ ಕೆಳಗೆ. ಮೂಟೆ ಎಸೆಯಲು ಇಬ್ಬರು ಎರಡು ತುದಿ ಹಿಡಿದು, ಒಬ್ಬ ಮುಂದಕ್ಕೆ ತೂಗುವಾಗ ಇನ್ನೊಬ್ಬ ಹಿಂದಕ್ಕೆ ಎಳೆದರೆ ಮೂಟೆ ಇದ್ದಲ್ಲೇ ಇರುತ್ತದಲ್ಲ, ಹಾಗೆ. 1,400ರಲ್ಲಿ ಒಂದು ಗುಂಡಿ, 4,200ರಲ್ಲಿ ಇನ್ನೊಂದು, 7,000ದಲ್ಲಿ ಮತ್ತೊಂದು, ಬಾಚಣಿಗೆ ಹಲ್ಲಿನ ಹಾಗೆ. ಮೊದಲ ಎರಡು ಗುಂಡಿ ಬಿದ್ದಿರುವುದು ಗಿಟಾರಿನ ಹೊಟ್ಟೆಗೇ.

ರೀಪರಿನಲ್ಲಿ ರಿಬ್ಬನ್ ಟ್ರ್ಯಾಕನ್ನು 17 ಸ್ಯಾಂಪಲ್ ಹಿಂದಕ್ಕೆ ಎಳೆದರೂ ಆಗುತ್ತಿತ್ತು. ನಾವು 48 ಕಿಲೋಹರ್ಟ್ಜಿನಲ್ಲಿ, ಅಂದರೆ ಸೆಕೆಂಡಿಗೆ 48,000 ಸ್ಯಾಂಪಲ್ಲಿನಂತೆ, ರೆಕಾರ್ಡ್ ಮಾಡುತ್ತಿದ್ದೆವು, ಒಂದು ಸ್ಯಾಂಪಲ್ ಅಂದರೆ ಗಾಳಿಯಲ್ಲಿ ಸುಮಾರು 7 ಮಿಲಿಮೀಟರ್. ಆದರೆ ನುಡಿಸುವವನಿಗೆ ಹೆಡ್‌ಫೋನಿನಲ್ಲಿ ಸರಿಯಾದ ಸದ್ದು ಕೇಳಿದರೆ ಕೈ ಬೇರೆ ಥರ ಓಡುತ್ತದೆ. ಅದಕ್ಕೇ ಮೈಕನ್ನೇ ಸರಿಸಲು ಹೊರಟೆವು.

ಇಲ್ಲಿ ಒಂದು ಉಪಾಯ ಇದೆ, ಇದನ್ನು ಯಾರಾದರೂ ಹತ್ತು ವರ್ಷ ಮುಂಚೆ ಹೇಳಿಕೊಟ್ಟಿದ್ದರೆ ಚೆನ್ನಾಗಿತ್ತು. ಗಿಟಾರಿನ ವಾಲ್ಯೂಮ್ ಸೊನ್ನೆ ಮಾಡಿ, ಆಂಪಿನ ಗೇನ್ ಏರಿಸಿದರೆ ಸ್ಪೀಕರಿನಿಂದ ಹಿಸ್ಸ್ ಬರುತ್ತದೆ. ದೋಸೆ ಕಾವಲಿಗೆ ನೀರು ಚಿಮುಕಿಸಿದ ಹಾಗೆ. ಆ ಹಿಸ್ಸಿನಲ್ಲಿ ಸಣ್ಣದು ದೊಡ್ಡದು ಎಲ್ಲ ಸ್ವರವೂ ಇರುತ್ತವೆ. ಎರಡೂ ಮೈಕಿನ ಲೆವೆಲ್ ಸಮ ಮಾಡಿಕೊಳ್ಳಿ. ಒಂದರ ಪೊಲ್ಯಾರಿಟಿ ಬೇಕಂತಲೇ ತಿರುಗಿಸಿ, ಅಂದರೆ ಅಲೆಯನ್ನು ತಲೆಕೆಳಗು ಮಾಡಿ. ಹೆಡ್‌ಫೋನ್ ಹಾಕಿ ಕೇಳುತ್ತಾ ಎರಡನೇ ಮೈಕನ್ನು ಸರಿಸಿ. ಎರಡೂ ಸಮ ದೂರಕ್ಕೆ ಬಂದಾಗ ಒಂದನ್ನೊಂದು ಹೊಡೆದುಹಾಕಿ ಹಿಸ್ಸ್ ತೀರಾ ಸಣ್ಣದಾಗುತ್ತದೆ.

ಡ್ರಮ್ಮರ್ ಹೆಡ್‌ಫೋನ್ ಹಾಕಿಕೊಂಡು ಹಾಲ್‌ನಲ್ಲಿ ಕೂತ. ನಾನು ಗೋಡೌನಿನಲ್ಲಿ, ಕ್ಯಾಬಿನೆಟ್ ಮುಂದೆ ಮಂಡಿಯೂರಿ. ಹಣೆಯ ಬೆವರು ಮೂಗಿನ ತುದಿಗೆ ಇಳಿಯುತ್ತಿತ್ತು, ಒರೆಸಿದರೆ ಕೈ ಅಲುಗುತ್ತದೆ. ಸ್ಟ್ಯಾಂಡಿನ ತಿರುಪು ಅರ್ಧ ಸಡಿಲಿಸಿ ರಿಬ್ಬನ್ನನ್ನು ಹೆಬ್ಬೆರಳಿನಿಂದ ತಳ್ಳುತ್ತಾ ಬಂದೆ. "ಇನ್ನೂ, ಇನ್ನೂ, ಸ್ವಲ್ಪ, ಆಹಾ ಹೋಯ್ತು, ಹಿಂದೆ ಬಾ, ಒಂದು ಅಕ್ಕಿಕಾಳಷ್ಟು" ಅಂತ ಅವನ ಕೂಗು. ಹಿಸ್ಸ್ ಪೂರ್ತಿ ಸಾಯುವುದಿಲ್ಲ, ಎರಡು ಮೈಕಿನ ಗುಣ ಬೇರೆ. ಆದರೆ ಕುಸಿಯುವ ಜಾಗ ಸ್ಪಷ್ಟ ಗೊತ್ತಾಗುತ್ತದೆ. ಅಲ್ಲೇ ತಿರುಪು ಬಿಗಿ ಮಾಡಿ, ಪೊಲ್ಯಾರಿಟಿ ಮತ್ತೆ ಸರಿ ಮಾಡಿದೆವು.

ಕೊನೆಗೆ ನಿಂತದ್ದು ಎರಡೂ ಬಟ್ಟೆಯಿಂದ 4 ಸೆಂಟಿಮೀಟರಿನಲ್ಲಿ, ಅಕ್ಕಪಕ್ಕ. ಗಾಳಿ ನೇರ ಬಡಿಯದಿರಲಿ ಅಂತ ರಿಬ್ಬನ್ ಕೊಂಚ ಓರೆ. ಅಳೆಯುವಾಗ ಮೈಕಿನ ಜಾಲರಿಯಿಂದಲ್ಲ, ಒಳಗಿನ ಪಟ್ಟಿ ಎಲ್ಲಿದೆಯೋ ಅಲ್ಲಿಂದ ಅಳೆಯಬೇಕು. ಇಷ್ಟು ಹತ್ತಿರ ಬಂದರೆ ರಿಬ್ಬನ್ನಿನಲ್ಲಿ ಬೇಸ್ ಉಬ್ಬುತ್ತದೆ, ಆಮೇಲೆ ಕತ್ತರಿಸಿದೆ. ಮೊದಲ ರಿಫ್ ನುಡಿಸಿದಾಗ ಡ್ರಮ್ಮರ್ ಹೆಡ್‌ಫೋನ್ ತೆಗೆದು ನನ್ನ ಕಡೆ ನೋಡಿದ. ಏನೂ ಹೇಳಲಿಲ್ಲ. ಅವನು ಹೊಗಳುವುದು ಹಾಗೆ.

ಮೂರನೇ ಸೋಮವಾರ: ಜರ್ರ್ ಅನ್ನುವ ಲೋಟಗಳು

ಎರಡು ಟೇಕ್ ಆದ ಮೇಲೆ ಕೇಳಿದರೆ, ರಿಫ್ಫಿನ ಕೊನೆಯಲ್ಲಿ ಕೆಳಗಿನ ಸಿ ಬಂದಾಗಲೆಲ್ಲ ಒಂದು ಜರ್ರ್. ನನ್ನ ಅನುಮಾನ ಗಿಟಾರಿನ ಮೇಲೆ, ತಂತಿ ಫ್ರೆಟ್ಟಿಗೆ ತಾಗುತ್ತಿದೆ ಅಂತ. ಗಿಟಾರಿಸ್ಟಿಗೆ ಸಿಟ್ಟು ಬಂತು. ಟ್ರ್ಯಾಕುಗಳನ್ನು ಒಂಟಿಯಾಗಿ ಕೇಳಿದೆವು. ಡಿಐ ಸ್ವಚ್ಛ. ತಂತಿಯ ತಪ್ಪಾಗಿದ್ದರೆ ಅದು ಮೊದಲು ಡಿಐನಲ್ಲೇ ಇರಬೇಕಿತ್ತು. 57ರಲ್ಲಿ ಕೇಳಿಯೂ ಕೇಳದ ಹಾಗೆ. ರಿಬ್ಬನ್ನಿನಲ್ಲಿ ಜೋರು. ರಿಬ್ಬನ್ ಎಂಟರ ಆಕಾರದಲ್ಲಿ ಕೇಳಿಸಿಕೊಳ್ಳುವ ಮೈಕ್, ಬೆನ್ನ ಹಿಂದಿನದೂ ಮುಂದಿನಷ್ಟೇ ಕೇಳುತ್ತದೆ. ಹಾಗಾದರೆ ಕಳ್ಳ ಅದರ ಬೆನ್ನ ಹಿಂದೆ.

ಗಿಟಾರಿಸ್ಟ್ ಸಿ ಹಿಡಿದು ಬಿಡುತ್ತಾ ಇದ್ದ, ನಾನು ಗೋಡೌನಿನಲ್ಲಿ ಕೈಯಿಂದ ಒಂದೊಂದೇ ಸಾಮಾನು ಮುಟ್ಟುತ್ತಾ ಹೋದೆ. ಎಣ್ಣೆ ಡಬ್ಬ ಅಲ್ಲ. ತಕ್ಕಡಿ ಅಲ್ಲ. ಮೇಲಿನ ಅಟ್ಟದಲ್ಲಿ ಒಂದರೊಳಗೊಂದು ಪೇರಿಸಿಟ್ಟ ಹಳೇ ಸ್ಟೀಲ್ ಲೋಟಗಳು. ಕೈ ಇಟ್ಟೆ, ಜರ್ರ್ ನಿಂತಿತು. ಲೋಟಗಳ ನಡುವೆ ಹಳೇ ಪೇಪರ್ ತುರುಕುತ್ತಿದ್ದಾಗ ಮಾವ ಬಂದರು.

"ಲೋಟಕ್ಕೆ ಎಂತಾಯ್ತು?"

"ಹಾಡಲ್ಲಿ ಕೇಳ್ತಾ ಉಂಟು ಮಾವ."

"ಕೇಳ್ಲಿ ಬಿಡು. ಹೋಟ್ಲಿನ ಹೆಸರಾದ್ರೂ ಬರ್ತದೆ."

ಇದೇ ಲೆಕ್ಕ ಆಮೇಲೆ ತುಂಬ ಉಪಯೋಗಕ್ಕೆ ಬಂತು. ಸದ್ದು ಮೈಕಿನಲ್ಲಿ ಮಾತ್ರ ಇದ್ದರೆ ಅದು ಗಾಳಿ ಅಥವಾ ನೆಲದ ಮೂಲಕ ಬಂದದ್ದು. ಡಿಐನಲ್ಲೂ ಇದ್ದರೆ ಕರೆಂಟಿನದ್ದು, ಇಲ್ಲಾ ಗಿಟಾರಿನದ್ದೇ. ಫ್ರಿಜ್ಜಿನ ಕಂಪ್ರೆಸರ್ ಆನ್ ಆದಾಗಿನ ಟಪ್ ಮೂರರಲ್ಲೂ ಇತ್ತು. ಲ್ಯಾಪ್‌ಟಾಪ್, ಆಂಪ್ ಎರಡಕ್ಕೂ ಫ್ರಿಜ್ ಇಲ್ಲದ ಬೇರೆ ಲೈನಿನ ಬೋರ್ಡಿನಿಂದ ಕರೆಂಟ್ ಎಳೆದೆವು. ನಾಲ್ಕು ಗಂಟೆಯ ಗ್ರೈಂಡರ್ ಗುಡುಗು ಮೈಕುಗಳಲ್ಲಿ ಮಾತ್ರ. ಅದು ನೆಲದಿಂದ ಬರುತ್ತಿತ್ತು, ಅದಕ್ಕೆ ಮದ್ದಿಲ್ಲ. ಇಡ್ಲಿಯ ಮುಂದೆ ನಾವು ಯಾರು.

ಡಿಐ ಎಲ್ಲಿ ಕೂರುತ್ತದೆ

ಆ ವಾರ ಮನೆಯಲ್ಲಿ ರಾತ್ರಿ ಕೂತು ಬೆರೆಸತೊಡಗಿದೆ. ಹೆಂಡತಿ ಬರೀ ಡಿಐ ಕೇಳಿ, "ಇದು ಗಿಟಾರಾ, ಏಕತಾರಿಯಾ?" ಅಂದಳು. ನಿಜ. ಡಿಸ್ಟಾರ್ಷನ್ ಇಲ್ಲ, ಸ್ಪೀಕರ್ ಇಲ್ಲ, ಟಿಣ್ ಟಿಣ್ ಮಾತ್ರ. ಇದನ್ನು ಯಾಕಾದರೂ ಸೇರಿಸಬೇಕು?

ಡಿಸ್ಟಾರ್ಷನ್ ಮಾಡುವುದೇ ತಲೆ ಎತ್ತಿದ್ದನ್ನೆಲ್ಲ ತಗ್ಗಿಸುವ ಕೆಲಸ. ಪಿಕ್ ತಂತಿಗೆ ಬಡಿದ ಕ್ಷಣದ ಏಟು ಮತ್ತು ಆಮೇಲಿನ ಗುಂಗು ಆಂಪಿನಿಂದ ಹೊರಬರುವಾಗ ಹೆಚ್ಚುಕಡಿಮೆ ಒಂದೇ ಎತ್ತರ. ಅಲೆಯ ಚಿತ್ರ ನೋಡಿದರೆ ಮೈಕಿನದು ಇಟ್ಟಿಗೆ ಪೇರಿಸಿದ ಹಾಗೆ, ಡಿಐಯದು ಕರಾವಳಿಯ ತೆಂಗಿನಮರಗಳ ಸಾಲಿನ ಹಾಗೆ ಎದ್ದು ಬಿದ್ದು. ಅಂಗೈಯಿಂದ ತಂತಿ ಅದುಮಿ ನುಡಿಸುವ ವೇಗದ ಪಾಮ್ ಮ್ಯೂಟ್ ಬಂದಾಗ ಇಟ್ಟಿಗೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಲ್ಲಿ ಡಿಐಯ ಏಟು ಒಂಚೂರು ಬೆರೆತರೆ ಪ್ರತಿ ಹೊಡೆತ ಬಿಡಿಯಾಗಿ ಕೇಳುತ್ತದೆ.

ಮೊದಲು ಸೇರಿಸಿದಾಗ ಸೊರಗಿದ್ದು ಯಾಕೆ ಅಂತ ಜೂಮ್ ಮಾಡಿ ನೋಡಿದೆ. ಡಿಐಯ ಮೊದಲ ಏಟು ಗೆರೆಯ ಮೇಲಕ್ಕೆ ಏಳುತ್ತದೆ, 57ರದು ಕೆಳಕ್ಕೆ. ಟ್ಯೂಬ್ ಆಂಪಿನ ಪ್ರೀಆಂಪಿನಲ್ಲಿ ಒಂದೊಂದು ಹಂತವೂ ಸಾಮಾನ್ಯವಾಗಿ ಅಲೆಯನ್ನು ತಲೆಕೆಳಗು ಮಾಡುತ್ತದೆ. ಎಷ್ಟು ಹಂತ ಅನ್ನುವುದು ಆಂಪಿನಿಂದ ಆಂಪಿಗೆ, ಚಾನೆಲ್ಲಿನಿಂದ ಚಾನೆಲ್ಲಿಗೆ ಬೇರೆ. ಡಿಐ ಟ್ರ್ಯಾಕಿನ ಪೊಲ್ಯಾರಿಟಿ ಗುಂಡಿ ಒತ್ತಿದೆ. ಹೋಗಿದ್ದ ಕೆಳಭಾಗ ಧಡ್ ಅಂತ ವಾಪಸ್ ಬಂತು. ಎರಡು ವಾರದ ಗೋಳು, ಒಂದು ಗುಂಡಿ.

ಆಮೇಲೆ ಸಮಯ. ಡಿಐ ತಂತಿಯಲ್ಲೇ ಬಂತು, ಮೈಕಿನದ್ದು ಗಾಳಿ ದಾಟಿ ಬಂತು. ಬಟ್ಟೆಯಿಂದ 4 ಸೆಂಟಿಮೀಟರ್ ಅಂದರೆ ಆರು ಸ್ಯಾಂಪಲ್ಲಿನ ಹತ್ತಿರ, ಬಟ್ಟೆಯ ಹಿಂದೆ ಕೋನಿನವರೆಗೆ ಇನ್ನಷ್ಟು. ಡಿಐಯನ್ನು ಒಂದೊಂದೇ ಸ್ಯಾಂಪಲ್ ತಡ ಮಾಡುತ್ತಾ ಹೋದೆ. ನನ್ನ ಕಿವಿಗೆ ಸರಿ ಅನ್ನಿಸಿದ್ದು 14. ಇಲ್ಲಿ ಪೂರ್ತಿ ಸರಿ ಅನ್ನುವುದು ಸಿಗುವುದಿಲ್ಲ. ಪೆಡಲ್ಲು, ಆಂಪಿನ ಟೋನ್ ಗುಂಡಿಗಳು, ಸ್ಪೀಕರ್ ಎಲ್ಲವೂ ಬೇರೆಬೇರೆ ಸ್ವರವನ್ನು ಬೇರೆಬೇರೆ ಅಳತೆಯಲ್ಲಿ ತಡ ಮಾಡುತ್ತವೆ. ಬೇಸ್ ಕೂಡಿದರೆ ಮೇಲಿನದು ಕೂಡುವುದಿಲ್ಲ. ಚಿತ್ರ ನೋಡುತ್ತಾ ಸಾಲು ಸರಿ ಮಾಡುವ ಚಟ ಬಿಟ್ಟು, ಕಣ್ಣು ಮುಚ್ಚಿ ಎಲ್ಲಿ ದಪ್ಪ ಅನ್ನಿಸುತ್ತದೋ ಅಲ್ಲಿ ನಿಲ್ಲಿಸಿದೆ.

ಹಸಿ ಡಿಐಯನ್ನು ಹಾಗೇ ಹಾಕಲಿಲ್ಲ. ಸ್ವಲ್ಪ ಡ್ರೈವ್ ಕೊಟ್ಟು, ಕ್ಯಾಬಿನೆಟ್ಟಿನ ಇಂಪಲ್ಸ್ ರೆಸ್ಪಾನ್ಸ್ (ಸ್ಪೀಕರಿನ ಗುಣ ಹಿಡಿದಿಟ್ಟ ಫೈಲು) ಮೂಲಕ ಹಾಯಿಸಿ, 120 ಹರ್ಟ್ಜ್ ಕೆಳಗಿನದ್ದೂ 4 ಕಿಲೋಹರ್ಟ್ಜ್ ಮೇಲಿನದ್ದೂ ಕತ್ತರಿಸಿದೆ. ಜೋರಾದದ್ದನ್ನು ತಗ್ಗಿಸುವ ಕಂಪ್ರೆಸರ್ ಹಾಕಿ ನೋಡಿ ತೆಗೆದೆ. ಏಟಿಗಾಗಿಯೇ ಇದನ್ನು ತಂದು, ಏಟನ್ನೇ ಒತ್ತಿಹಾಕುವುದು ಯಾಕೆ? ಲೆವೆಲ್ಲು: 57 ಸೊನ್ನೆಯಲ್ಲಿ, ರಿಬ್ಬನ್ 4 ಡೆಸಿಬೆಲ್ ಕೆಳಗೆ, ಡಿಐ 15 ಡೆಸಿಬೆಲ್ ಕೆಳಗೆ. ಡಿಐ ಇದೆ ಅಂತ ಗಿಟಾರಿಸ್ಟಿಗೇ ಗೊತ್ತಾಗಲಿಲ್ಲ. ಮ್ಯೂಟ್ ಮಾಡಿದೆ, "ಏನೋ ಮಂಕಾಯ್ತಲ್ಲ" ಅಂದ. 12ಕ್ಕೆ ಏರಿಸಿದರೆ ಏಕತಾರಿ ಮತ್ತೆ ಇಣುಕುತ್ತಿತ್ತು.

ನಾಲ್ಕು, ಐದು

ನಾಲ್ಕನೇ ಸೋಮವಾರ ಎರಡೂ ಬದಿಯ ಗಿಟಾರ್ ಮುಗಿಸಿದೆವು. ಎಡಕ್ಕೊಂದು ಟೇಕ್, ಬಲಕ್ಕೆ ಮತ್ತೆ ಹೊಸದಾಗಿ ನುಡಿಸಿದ ಇನ್ನೊಂದು. ಒಂದನ್ನೇ ಕಾಪಿ ಮಾಡಿ ಎರಡು ಕಡೆ ಇಟ್ಟರೆ ಅಗಲ ಬರುವುದಿಲ್ಲ, ನಡುವೆ ಜೋರಾಗುತ್ತದೆ ಅಷ್ಟೇ. ಒಂದು ಟೇಕಿನ 57, ರಿಬ್ಬನ್, ಡಿಐ ಮೂರೂ ಒಂದೇ ಬದಿಗೆ ಹೋಗಬೇಕು. ಮೂರನ್ನೂ ಒಂದು ಫೋಲ್ಡರಿಗೆ ಹಾಕಿ ಫೋಲ್ಡರನ್ನೇ ಪ್ಯಾನ್ ಮಾಡಿದೆ.

ತಪ್ಪು ಮಾಡಿದ್ದು ಎಡಿಟಿನಲ್ಲಿ, ಅದೂ ನಾನೇ. ಒಂದು ಹೊಡೆತ ತಡವಾಗಿತ್ತು ಅಂತ ಹಿಂದಕ್ಕೆ ಎಳೆದೆ. ಮೂರನ್ನೂ ಗ್ರೂಪ್ ಮಾಡಿದ್ದೇನೆ ಅಂದುಕೊಂಡಿದ್ದೆ, ಮಾಡಿರಲಿಲ್ಲ. 57 ಮಾತ್ರ ಸರಿಯಿತು. ಹಿಸ್ಸ್ ಕೇಳಿ ಅಕ್ಕಿಕಾಳಿನ ಲೆಕ್ಕದಲ್ಲಿ ಕೂಡಿಸಿದ್ದನ್ನು ಒಂದು ಮೌಸ್ ಎಳೆತದಲ್ಲಿ ಹಾಳು ಮಾಡಿದ್ದೆ. ಎರಡು ದಿನ ಬಿಟ್ಟು ಫೋನಿನ ಸ್ಪೀಕರಿನಲ್ಲಿ ಕೇಳುವಾಗ ಎರಡನೇ ಚರಣದಿಂದ ಗಿಟಾರ್ ಸೊರಗಿದ್ದು ಗೊತ್ತಾಯಿತು. ಈಗ ರೆಕಾರ್ಡ್ ನಿಲ್ಲಿಸಿದ ಕೂಡಲೇ ಗ್ರೂಪ್ ಮಾಡುತ್ತೇನೆ, ಹೆಸರು ಕೊಡುವ ಮೊದಲೇ.

ಅದೇ ದಿನ ಮೂರೂ ಐವತ್ತಕ್ಕೆ ಕೊನೆಯ ಟೇಕ್. ನುಡಿಸಿದ್ದು ಅದ್ಭುತ. ಆದರೆ ಅರ್ಧದಲ್ಲಿ ಉದ್ದಿನಬೇಳೆ ತೆಗೆದುಕೊಳ್ಳಲು ಭಟ್ರು ಒಳಗೆ ಬಂದು ಸ್ಟ್ಯಾಂಡಿಗೆ ಕಾಲು ತಾಗಿಸಿದರು. ಎರಡೂ ಮೈಕ್ ಟ್ರ್ಯಾಕ್ ಕಸ. ಅವರನ್ನು ಬೈಯುವ ಹಾಗಿಲ್ಲ, ಜಾಗ ಅವರದು. ಡಿಐ ಉಳಿದಿತ್ತು. ಐದನೇ ಸೋಮವಾರ ಅದನ್ನೇ ಆಂಪಿಗೆ ವಾಪಸ್ ಕಳಿಸಿದೆವು. ಪ್ಯಾಸಿವ್ ಡಿಐಯ ಟ್ರಾನ್ಸ್‌ಫಾರ್ಮರ್ ಎರಡು ದಿಕ್ಕಿಗೂ ಕೆಲಸ ಮಾಡುತ್ತದೆ. ಲ್ಯಾಮಿಂಗ್ಟನ್ ರೋಡಿನಿಂದ ಒಂದು ಅಡಾಪ್ಟರ್ ತಂದು ಬಾಕ್ಸನ್ನು ಉಲ್ಟಾ ಜೋಡಿಸಿ, ಇಂಟರ್‌ಫೇಸಿನ ಔಟ್‌ಪುಟ್ ತುಂಬ ಕಡಿಮೆ ಇಟ್ಟು ಶುರು ಮಾಡಿ, ಆಂಪ್ ಗಿಟಾರಿಗೆ ಉತ್ತರಿಸುವ ಹಾಗೇ ಉತ್ತರಿಸುವವರೆಗೆ ಏರಿಸಿದೆವು. ಟೇಪಿನ ಗುರುತಿದ್ದ ಕಾರಣ ಮೈಕುಗಳು ಹತ್ತು ನಿಮಿಷದಲ್ಲಿ ಹಳೇ ಜಾಗಕ್ಕೆ ಬಂದವು. ಹಿಸ್ಸ್ ಪರೀಕ್ಷೆ ಮತ್ತೆ ಮಾಡಿದೆವು, ಒಂದು ಕಾಳು ಆಚೆ ಇತ್ತು. ಇಂಟರ್‌ಫೇಸಿಗೆ ಹೋಗಿ ಬರುವ ತಡವನ್ನು ಒಂದು ಟಿಕ್ ಸದ್ದು ಕಳಿಸಿ ಅಳೆದು ಕಳೆದೆವು. ಗಿಟಾರಿಸ್ಟ್ ಆ ಹೊತ್ತಿನಲ್ಲಿ ಏಳನೇ ನಂಬರ್ ಮೇಜಿನಲ್ಲಿ ನಿದ್ದೆ ಹೋಗಿದ್ದ. ಅವನ ಗಿಟಾರ್ ಒಳಗೆ ಗುಡುಗುತ್ತಿತ್ತು.

ಲೋಟಗಳ ಜರ್ರ್ ಇರುವ ಒಂದು ಸಿ ಎಡಗಡೆಯ ಮೊದಲ ಟೇಕಿನಲ್ಲಿ ಉಳಿದುಕೊಂಡಿದೆ. ತೆಗೆಯಲಿಲ್ಲ. ಅಳತೆಗಳನ್ನೆಲ್ಲ ಒಂದು ರವೆ ಪೆಟ್ಟಿಗೆಯ ರಟ್ಟಿನ ಮೇಲೆ ಬರೆದು ಕ್ಯಾಬಿನೆಟ್ ಹಿಂದೆ ಅಂಟಿಸಿದ್ದೇನೆ: ಬಲ ಸ್ಪೀಕರ್, 4 ಸೆಂಟಿಮೀಟರ್, ಡಿಐ ಉಲ್ಟಾ, 14 ಸ್ಯಾಂಪಲ್. ಹರಿದ ಮೂಟೆಯ ದುಡ್ಡು ಮಾವನಿಗೆ ಕೊಟ್ಟಾಯಿತು. ಮುಂದಿನ ಸೋಮವಾರ ಬೇಸ್ ಗಿಟಾರ್.